ಸ್ವಿಫ್ಟ್ ಡೀಸೆಲ್‌ಗೆ ರೀಮ್ಯಾಪ್: ಎಷ್ಟು ಏರಿಸಿದರೆ ಎಂಜಿನ್ ತಾಳುತ್ತದೆ?

ಪ್ರಶ್ನೆ: ನನ್ನದು 2014ರ ಸ್ವಿಫ್ಟ್ ವಿಡಿಐ, 1.1 ಲಕ್ಷ ಕಿ.ಮೀ. ಓಡಿದೆ. ಊರು ಹಾಸನ. ವಾರಕ್ಕೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುತ್ತೇನೆ. ವಾಪಸ್ ಹತ್ತುವಾಗ ತಿರುವಿನಲ್ಲಿ ವೇಗ ಇಳಿದರೆ ಗಾಡಿ ಮತ್ತೆ ಎಳೆಯುವುದೇ ಇಲ್ಲ. ಒಬ್ಬ ಟ್ಯೂನರ್ ರೀಮ್ಯಾಪ್ ಮಾಡಿ 100 ಪಿಎಸ್, 250 ಎನ್‌ಎಂ ಕೊಡುತ್ತೇನೆ, ಮೈಲೇಜೂ ಹೆಚ್ಚುತ್ತದೆ, ಜೊತೆಗೆ ಇಜಿಆರ್ ಬಂದ್ ಮಾಡಿಬಿಡೋಣ ಎನ್ನುತ್ತಾರೆ. ಇನ್ನೊಬ್ಬರು ಟ್ಯೂನಿಂಗ್ ಬಾಕ್ಸ್ ಸಿಕ್ಕಿಸಿದರೆ ಸಾಕು, ಬೇಡವಾದಾಗ ತೆಗೆಯಬಹುದು ಎನ್ನುತ್ತಾರೆ. ಯಾವುದು ಸುರಕ್ಷಿತ?

ಉತ್ತರ: 100 ಪಿಎಸ್ (ಎಂಜಿನ್ ಶಕ್ತಿ), 250 ಎನ್‌ಎಂ (ಎಳೆಯುವ ಬಲ, ಅಂದರೆ ಟಾರ್ಕ್) ನಿಮ್ಮ ಗಾಡಿಗೆ ಬೇಡ. ಟ್ಯೂನಿಂಗ್ ಬಾಕ್ಸೂ ಬೇಡ, ಇಜಿಆರ್ (ಹೊರಹೋಗುವ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ಬಂದ್ ಮಾಡುವುದೂ ಬೇಡ. ರೀಮ್ಯಾಪ್ ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ಫೈಲನ್ನು ತಿದ್ದುವುದು. ಎಂಜಿನ್, ಟರ್ಬೊ, ಕ್ಲಚ್ ಚೆನ್ನಾಗಿವೆ ಎಂದು ಮೊದಲು ಖಾತ್ರಿಯಾದರೆ, ಈ ಎಂಜಿನ್ ದಿನಬಳಕೆಯಲ್ಲಿ ತಾಳುವಂಥ ರೀಮ್ಯಾಪ್ ಅಂದರೆ 85ರಿಂದ 88 ಪಿಎಸ್, 215ರಿಂದ 220 ಎನ್‌ಎಂ. ಅದಕ್ಕಿಂತ ಮೇಲೆ ಹೋದಷ್ಟೂ ಏನನ್ನು ಪಣಕ್ಕಿಡುತ್ತೀರಿ ಎಂಬುದನ್ನು ಲೆಕ್ಕದ ಸಮೇತ ನೋಡೋಣ. ಕಾನೂನಿನ ತೊಡಕೂ ಒಂದಿದೆ, ಅದನ್ನು ಮುಂದೆ ಹೇಳುತ್ತೇನೆ. ದುಡ್ಡು ಕೊಡುವ ಮೊದಲು ಆ ಭಾಗವನ್ನು ತಪ್ಪದೆ ಓದಿ.

ನಿಮ್ಮ ಗಾಡಿಯಲ್ಲಿರುವುದು ಫಿಯೆಟ್ ಮೂಲದ 1,248 ಸಿಸಿ ಮಲ್ಟಿಜೆಟ್. ಮಾರುತಿ ಅದನ್ನು ಡಿಡಿಐಎಸ್ ಹೆಸರಿನಲ್ಲಿ ಮಾರಿತು. 4,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತು) 75 ಪಿಎಸ್, 2,000 ಆರ್‌ಪಿಎಂನಲ್ಲಿ 190 ಎನ್‌ಎಂ. ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊ ಚಿಕ್ಕದು, ಫಿಕ್ಸೆಡ್ ಜಾಮಿಟ್ರಿಯದು; ಅಂದರೆ ಒಳಗಿನ ರೆಕ್ಕೆಗಳು ಎಂಜಿನ್ ವೇಗಕ್ಕೆ ತಕ್ಕಂತೆ ತಿರುಗಿ ಹೊಂದಿಕೊಳ್ಳುವುದಿಲ್ಲ. ಇದೇ 1.3 ಎಂಜಿನ್‌ಗೆ ವೇರಿಯಬಲ್ ಜಾಮಿಟ್ರಿ ಟರ್ಬೊ ಕೂರಿಸಿ ಎರ್ಟಿಗಾ, ಸಿಯಾಜ್‌ಗಳಲ್ಲಿ ಕೊಟ್ಟಾಗ ಕಂಪನಿ ಪಡೆದದ್ದು 90 ಪಿಎಸ್, 200 ಎನ್‌ಎಂ. ಬೇರೆ ಟರ್ಬೊ ಹಾಕಿಯೂ ಟಾರ್ಕ್ ಏರಿಸಿದ್ದು ಹತ್ತೇ ಎನ್‌ಎಂ. ವಾರಂಟಿ ಕೊಡುವ ಕಂಪನಿ ಎಚ್ಚರದಿಂದ ಒಂದಿಷ್ಟು ಅಂಚು ಉಳಿಸಿಕೊಳ್ಳುತ್ತದೆ, ನಿಜ. ಆದರೆ ಆ ಅಂಚಿನಲ್ಲಿ ಹೆಚ್ಚುವರಿ 60 ಎನ್‌ಎಂ ಅಡಗಿ ಕೂತಿದೆ ಎಂದು ನಂಬಲು ಕಾರಣವಿಲ್ಲ.

ಘಾಟಿಯ ತಿರುವಿನಲ್ಲಿ ಗಾಡಿ ಎಳೆಯದಿರುವ ವಿಷಯಕ್ಕೆ ಬರೋಣ. ತಿರುವಿನಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ 1,400–1,500ಕ್ಕೆ ಇಳಿದಿರುತ್ತದೆ. ಆ ವೇಗದಲ್ಲಿ ಹೊರಬರುವ ಹೊಗೆಗೆ ಟರ್ಬೊ ತಿರುಗಿಸುವಷ್ಟು ಶಕ್ತಿ ಇರುವುದಿಲ್ಲ, ಹಾಗಾಗಿ ಒಳಗೆ ಬರುವ ಗಾಳಿಯೂ ಕಡಿಮೆ. ರೀಮ್ಯಾಪ್ ಮಾಡುವುದು ಸಾಫ್ಟ್‌ವೇರಿನಲ್ಲಿ. ಗಾಳಿಯನ್ನು ಅದು ಹುಟ್ಟಿಸಲಾರದು. ಗಾಳಿ ಇಲ್ಲದ ಕಡೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಸಿಗುವುದು ಕಪ್ಪು ಹೊಗೆ. ಒಳ್ಳೆಯ ಫೈಲ್ ಹಾಕಿಸಿದರೆ ವ್ಯತ್ಯಾಸ ಗೊತ್ತಾಗುವುದು 1,800 ದಾಟಿದ ಮೇಲೆ: ಎಳೆತ ತುಸು ಬೇಗ ಏರುತ್ತದೆ, 3,500ರವರೆಗೆ ಸೊರಗದೆ ನಿಲ್ಲುತ್ತದೆ, ಹೆದ್ದಾರಿಯಲ್ಲಿ ಓವರ್‌ಟೇಕ್ ಸಲೀಸಾಗುತ್ತದೆ. 1,500ರಲ್ಲಿ ಸತ್ತಂತಿರುವ ಗಾಡಿ ರೀಮ್ಯಾಪ್ ಆದ ಮೇಲೂ 1,500ರಲ್ಲಿ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ. ಶಿರಾಡಿಯ ಕಡಿದಾದ ತಿರುವುಗಳಲ್ಲಿ ಒಂದನೇ ಗೇರಿಗೆ ಇಳಿಸಿ, ಆರ್‌ಪಿಎಂ 2,000ದ ಹತ್ತಿರ ಇಟ್ಟುಕೊಳ್ಳುವುದೇ ಇದಕ್ಕೆ ಸರಿಯಾದ ಮದ್ದು. ಈ ಒಂದು ತೊಂದರೆಗಾಗಿಯೇ ರೀಮ್ಯಾಪ್ ಬೇಕೆನಿಸಿದ್ದರೆ ನಿಮಗೆ ನಿರಾಸೆಯಾಗುವುದು ಖಂಡಿತ.

ಈಗ 100 ಪಿಎಸ್ ಲೆಕ್ಕ. ಎನ್‌ಎಂ ಅನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಪಿಎಸ್ ಬರುತ್ತದೆ. 4,000ದಲ್ಲಿ 75 ಪಿಎಸ್ ಅಂದರೆ ಆ ವೇಗದಲ್ಲಿ ಸುಮಾರು 132 ಎನ್‌ಎಂ. 100 ಪಿಎಸ್ ಬೇಕಾದರೆ 176 ಎನ್‌ಎಂ. ಅದಕ್ಕೆ ಬೇಕಾದ ಡೀಸೆಲ್ ಎಷ್ಟು? ಇಂಥ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಪ್ರತಿ ಕಿಲೋವ್ಯಾಟ್ ಗಂಟೆಗೆ ಅಂದಾಜು 250 ಗ್ರಾಂ ಡೀಸೆಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. 75 ಪಿಎಸ್‌ಗೆ ಗಂಟೆಗೆ 13.8 ಕೆ.ಜಿ., 100 ಪಿಎಸ್‌ಗೆ 18.4 ಕೆ.ಜಿ. ಮೊದಲ ಸ್ಥಿತಿಯಲ್ಲಿ ಡೀಸೆಲ್‌ನ 20 ಪಟ್ಟು ಗಾಳಿ ಸಿಗುತ್ತಿತ್ತು ಎಂದಾದರೆ ಗಾಳಿ ಗಂಟೆಗೆ 276 ಕೆ.ಜಿ. ಅದೇ ಗಾಳಿಯಲ್ಲಿ 18.4 ಕೆ.ಜಿ. ಡೀಸೆಲ್ ಸುರಿದರೆ ಅನುಪಾತ 15ಕ್ಕೆ ಕುಸಿಯುತ್ತದೆ. ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರವೇ 14.5 ಪಟ್ಟು ಗಾಳಿ ಬೇಕು. ಸಿಲಿಂಡರಿನೊಳಗೆ ಗಾಳಿ, ಇಂಧನ ಅಷ್ಟು ಪರಿಪೂರ್ಣವಾಗಿ ಬೆರೆಯುವುದಿಲ್ಲವಾದ್ದರಿಂದ ಅನುಪಾತ 17–18ಕ್ಕಿಂತ ಕೆಳಗಿಳಿದರೆ ಹೊಗೆ ಶುರು. ಹೊಗೆ ಬರದಂತೆ 100 ಪಿಎಸ್ ಪಡೆಯಲು ಶೇ 20ರಷ್ಟು ಹೆಚ್ಚು ಗಾಳಿಯನ್ನು ಆ ಚಿಕ್ಕ ಟರ್ಬೊ ತಳ್ಳಬೇಕು. 88 ಪಿಎಸ್‌ಗೆ ಶೇ 8ರಷ್ಟು ಹೆಚ್ಚಿದರೆ ಸಾಕು, ಅನುಪಾತ 18ರ ಮೇಲೆಯೇ ಉಳಿಯುತ್ತದೆ. ನಾನು 88ಕ್ಕೆ ಗೆರೆ ಎಳೆದದ್ದು ಈ ಕಾರಣಕ್ಕೆ.

ಹಾಸನದವರು ಇನ್ನೂ ಒಂದು ಸಂಗತಿ ಗಮನಿಸಬೇಕು, ಇದನ್ನು ಟ್ಯೂನರ್‌ಗಳು ಹೇಳುವುದು ಅಪರೂಪ. ನಿಮ್ಮ ಊರು, ಬೆಂಗಳೂರು ಎರಡೂ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿವೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1.01 ಬಾರ್ ಇದ್ದರೆ ಹಾಸನದಲ್ಲಿ ಸುಮಾರು 0.9. ಇಸಿಯು ಟರ್ಬೊಗೆ ಕೊಡುವ ಗುರಿ ಒಟ್ಟು ಒತ್ತಡದ ಲೆಕ್ಕದಲ್ಲಿರುತ್ತದೆ. ಫೈಲ್ 2.3 ಬಾರ್ ಕೇಳಿತು ಎನ್ನಿ. ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.28 ಪಟ್ಟು ಹಿಂಡಿದರೆ ಸಾಕು, ಹಾಸನದಲ್ಲಿ 2.56 ಪಟ್ಟು ಹಿಂಡಬೇಕು. ಅಷ್ಟು ಹಿಂಡಲು ಟರ್ಬೊ ಇನ್ನೂ ವೇಗವಾಗಿ ತಿರುಗುತ್ತದೆ, ಗಾಳಿ ಇನ್ನೂ ಕಾಯುತ್ತದೆ. ಕಂಪನಿಯ ಫೈಲ್‌ನಲ್ಲಿ ಎತ್ತರ ಹೆಚ್ಚಿದಂತೆ ಗುರಿಯನ್ನು ತಗ್ಗಿಸುವ ಪ್ರತ್ಯೇಕ ಮ್ಯಾಪ್, ಅಂದರೆ ಅಂಕಿಗಳ ಪಟ್ಟಿ, ಇರುತ್ತದೆ. ‘ಎತ್ತರಕ್ಕೆ ಹೋದರೂ ಪಿಕಪ್ ಬೀಳಬಾರದು’ ಎಂದು ಅದನ್ನು ಸಪಾಟು ಮಾಡಿಬಿಡುವವರಿದ್ದಾರೆ. ಯುರೋಪಿನ ಬಯಲುಸೀಮೆಯ ಗಾಡಿಗೆ ಬರೆದ ಫೈಲನ್ನು ಕೊಂಡು ನೇರ ಸುರಿಯುವುದೂ ಇದೆ. ಅಂಥ ಗಾಡಿ ಮಡಿಕೇರಿ, ಊಟಿ ರಸ್ತೆಯಲ್ಲಿ ಟರ್ಬೊ ಶಾಫ್ಟ್ ಬೇರಿಂಗನ್ನು ತಿನ್ನುತ್ತದೆ. ‘ಎತ್ತರದ ಮ್ಯಾಪ್ ಮುಟ್ಟಿದ್ದೀರಾ, ಮುಟ್ಟಿದ್ದರೆ ಹೇಗೆ?’ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಸುರಕ್ಷಿತ ಫೈಲ್‌ನಲ್ಲಿ ಏನೇನು ಬದಲಾಗುತ್ತದೆ, ಏನು ಬದಲಾಗಬಾರದು ಎಂಬುದನ್ನೂ ತಿಳಿದಿರಿ. ಆಕ್ಸಿಲರೇಟರ್ ಒತ್ತಿದಷ್ಟಕ್ಕೆ ಎಷ್ಟು ಟಾರ್ಕ್ ಎಂಬ ಮ್ಯಾಪ್, ಟಾರ್ಕ್ ಮಿತಿ, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಗುರಿ, ರೈಲ್ ಒತ್ತಡ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ), ಇಂಜೆಕ್ಷನ್ ಎಷ್ಟು ಹೊತ್ತು ಮತ್ತು ಯಾವಾಗ ಎಂಬ ಮ್ಯಾಪ್‌ಗಳು ಒಂದಕ್ಕೊಂದು ಹೊಂದಿಕೊಂಡು ತುಸು ತುಸು ಏರಬೇಕು. ಹೊಗೆ ಮಿತಿಯ ಮ್ಯಾಪ್, ಅಂದರೆ ‘ಇಷ್ಟು ಗಾಳಿ ಇದ್ದರೆ ಇಷ್ಟೇ ಡೀಸೆಲ್’ ಎನ್ನುವುದು, ನಿಜವಾಗಿ ಹೆಚ್ಚಿದ ಗಾಳಿಗೆ ತಕ್ಕಷ್ಟು ಮಾತ್ರ ಸಡಿಲಬೇಕು. ರೈಲ್ ಒತ್ತಡದ ಗರಿಷ್ಠ ಮಿತಿ ಕಂಪನಿ ಇಟ್ಟಲ್ಲೇ ಇರಬೇಕು. ಅಗ್ಗದ ಕೆಲಸದಲ್ಲಿ ಇಂಜೆಕ್ಷನ್ ಅವಧಿಯ ಮ್ಯಾಪನ್ನು ಮಾತ್ರ ಉದ್ದ ಮಾಡುತ್ತಾರೆ. ಆಗ ಡೀಸೆಲ್ ತಡವಾಗಿ, ಪಿಸ್ಟನ್ ಕೆಳಗಿಳಿಯುತ್ತಿರುವಾಗಲೂ ಉರಿಯುತ್ತಿರುತ್ತದೆ. ಆ ಬಿಸಿ ಚಕ್ರಕ್ಕೆ ಹೋಗದೆ ಟರ್ಬೊ, ವಾಲ್ವ್, ಪಿಸ್ಟನ್ ತಲೆಗೆ ಹೋಗುತ್ತದೆ. ಟರ್ಬೊಗಿಂತ ಮುಂಚಿನ ಹೊಗೆಯ ಉಷ್ಣತೆ ನಿರಂತರವಾಗಿ 800 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳುವುದು ಪದ್ಧತಿ. ಊರಿನೊಳಗೆ ಐದು ಸೆಕೆಂಡು ಒತ್ತಿ ಬಿಡುವ ಗಾಡಿಗೆ ಅದು ದೊಡ್ಡ ವಿಷಯವಲ್ಲ. ನಾಲ್ಕು ಜನ, ಲಗೇಜು, ಎಸಿ ಸಮೇತ ಗುಂಡ್ಯದಿಂದ ಸಕಲೇಶಪುರದವರೆಗೆ ಒಂದೇ ಸಮನೆ ಹತ್ತುವ ಗಾಡಿಗೆ ಅದೇ ಜೀವನ್ಮರಣದ ಪ್ರಶ್ನೆ.

ಟಾರ್ಕ್ ಎಲ್ಲಿ ಏರುತ್ತದೆ ಎಂಬುದೂ ಎಷ್ಟು ಏರುತ್ತದೆ ಎಂಬುದರಷ್ಟೇ ಮುಖ್ಯ. ಗರಿಷ್ಠ ಟಾರ್ಕ್ 2,000ದ ಮೇಲೆ, ಮೆಲ್ಲಗೆ ಏರುವ ರೇಖೆಯಲ್ಲಿ ಬರಲಿ. 1,700ರಲ್ಲೇ ಗೋಡೆಯಂತೆ ಏಳುವ ಗ್ರಾಫ್ ಓಡಿಸಲು ಮಜಾ ಕೊಡುತ್ತದೆ. ಆದರೆ ಕಡಿಮೆ ಆರ್‌ಪಿಎಂನಲ್ಲಿ ಸಿಲಿಂಡರ್ ಒತ್ತಡ ಹಾಗೆ ಏರಿದಾಗ ಪೆಟ್ಟು ಬೀಳುವುದು ಕನೆಕ್ಟಿಂಗ್ ರಾಡ್, ಬೇರಿಂಗ್, ಕ್ಲಚ್‌ಗೆ. ಕ್ಲಚ್ ಹೊಸದಾಗಿದ್ದಾಗ ಎಂಜಿನ್ ಟಾರ್ಕ್‌ಗಿಂತ ಶೇ 20–30ರಷ್ಟು ಹೆಚ್ಚು ಹಿಡಿಯುವ ಶಕ್ತಿ ಇಟ್ಟುಕೊಂಡು ಮಾಡಿರುತ್ತಾರೆ. 190ಕ್ಕೆ ಶೇ 15 ಸೇರಿದರೆ 218. 250 ಅಂದರೆ ಸುಮಾರು ಶೇ 32. 1.1 ಲಕ್ಷ ಕಿ.ಮೀ. ಸವೆದ ಕ್ಲಚ್ ಪ್ಲೇಟಿನ ಮೇಲೆ ಅದನ್ನು ಹೇರಿದರೆ ಮೊದಲ ಘಾಟಿಯಲ್ಲೇ ಸುಟ್ಟ ವಾಸನೆ ಬರುತ್ತದೆ.

ಟ್ಯೂನಿಂಗ್ ಬಾಕ್ಸ್ ಯಾಕೆ ಬೇಡ? ಸಾಮಾನ್ಯವಾಗಿ ಅದು ರೈಲ್ ಒತ್ತಡದ ಸೆನ್ಸರ್ ಮತ್ತು ಇಸಿಯು ನಡುವೆ ಕೂತು, ಇರುವುದಕ್ಕಿಂತ ಕಡಿಮೆ ಒತ್ತಡ ಇದೆ ಎಂದು ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಬೂಸ್ಟ್ ಏರಿಲ್ಲ, ಇಂಜೆಕ್ಷನ್ ಸಮಯ ಹೊಂದಿಸಿಲ್ಲ, ನಿಜವಾದ ಟಾರ್ಕ್ ಎಷ್ಟೆಂದು ಇಸಿಯುಗೇ ಗೊತ್ತಿಲ್ಲ. ಹೈಪ್ರೆಶರ್ ಪಂಪ್ ಮತ್ತು ಇಂಜೆಕ್ಟರ್‌ಗಳು ತಮ್ಮ ಮಿತಿ ಮೀರಿ ದುಡಿಯುತ್ತಿದ್ದರೂ ಎಚ್ಚರಿಸುವ ವ್ಯವಸ್ಥೆ ಕುರುಡಾಗಿರುತ್ತದೆ. ಸುಲಭವಾಗಿ ತೆಗೆಯಬಹುದು ಎಂಬುದೊಂದೇ ಅದರ ಗುಣ.

ರೀಮ್ಯಾಪ್‌ಗೆ ಮುಂಚೆ ಮಾಡಿಸಬೇಕಾದ ತಪಾಸಣೆಗಳು ಇವು. ಹಳೆಯ ಸ್ವಿಫ್ಟ್‌ಗಳಲ್ಲಿ ‘ಪಿಕಪ್ ಇಲ್ಲ’ ಎಂಬ ದೂರಿಗೆ ಎಷ್ಟೋ ಸಲ ಇಲ್ಲೇ ಪರಿಹಾರ ಸಿಕ್ಕಿಬಿಡುತ್ತದೆ. ಟರ್ಬೊದಿಂದ ಇಂಟೇಕ್‌ಗೆ ಹೋಗುವ ರಬ್ಬರ್ ಹೋಸ್‌ಗಳ ಕ್ಲಾಂಪ್ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಅಲ್ಲಿ ಗಾಳಿ ಸೋರುತ್ತಿದೆ. ಹೋಸನ್ನು ಬಗ್ಗಿಸಿ ಒಳಮಡಿಕೆಯಲ್ಲಿ ಸೀಳು ಇದೆಯೇ ನೋಡಿಸಿ. ಇಂಟೇಕ್ ಮ್ಯಾನಿಫೋಲ್ಡ್ ಮತ್ತು ಇಜಿಆರ್ ವಾಲ್ವ್ ಬಿಚ್ಚಿಸಿ ಮಸಿ ತೆಗೆಸಿ. 1 ಲಕ್ಷ ದಾಟಿದ ಎಂಜಿನ್‌ನಲ್ಲಿ ಗಾಳಿಯ ದಾರಿ ಗಮನಾರ್ಹವಾಗಿ ಕಿರಿದಾಗಿರಬಹುದು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿ. ಇಂಜೆಕ್ಟರ್ ರಿಟರ್ನ್ ಟೆಸ್ಟ್ ಮಾಡಿಸಿ: ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ ಕಟ್ಟಿ ಎಂಜಿನ್ ಐಡಲ್‌ನಲ್ಲಿ ಬಿಟ್ಟಾಗ ನಾಲ್ಕೂ ಸರಿಸುಮಾರು ಸಮ ತುಂಬಬೇಕು, ಒಂದು ಎದ್ದು ಕಾಣುವಂತೆ ಹೆಚ್ಚು ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲುಗಾಡಿಸಿದಾಗ ಪಕ್ಕಕ್ಕೆ ತುಸು ಆಡುವುದು ಸಹಜ. ರೆಕ್ಕೆ ಗೋಡೆಗೆ ತಾಗುವಷ್ಟು ಆಡಬಾರದು, ಹಿಂದೆ ಮುಂದೆ ಅಂತೂ ಆಡಲೇಬಾರದು. ಈ ಎಂಜಿನ್‌ಗೆ ಇರುವುದು ಟೈಮಿಂಗ್ ಚೈನ್. ಆಯಿಲ್ ಬದಲಿಸುವುದನ್ನು ಮುಂದೂಡಿದ ಗಾಡಿಗಳಲ್ಲಿ ಚೈನ್ ಸಡಿಲಾಗಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದೊಡನೆ ಗಲಗಲ ಸದ್ದು ಬರುತ್ತದೆ. ಆ ಸದ್ದು ಇದ್ದರೆ ರೀಮ್ಯಾಪ್ ಮಾತು ಬಿಟ್ಟು ಚೈನ್ ಮತ್ತು ಟೆನ್ಷನರ್ ಬದಲಿಸಿ.

ಕ್ಲಚ್ ಪರೀಕ್ಷೆ ನೀವೇ ಮಾಡಬಹುದು. ಖಾಲಿ ಏರುರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 1,700ರಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ, ಟರ್ಬೊ ಹತ್ತುವ ಹೊತ್ತಿಗೆ ಆರ್‌ಪಿಎಂ ಮುಳ್ಳು ಗಾಡಿಯ ವೇಗಕ್ಕಿಂತ ಮುಂದೆ ಜಿಗಿದರೆ ಕ್ಲಚ್ ಜಾರುತ್ತಿದೆ.

ಇಷ್ಟಾದ ಮೇಲೆ, ಕಂಪನಿಯ ಫೈಲ್ ಇರುವಾಗಲೇ ಗಾಡಿಯ ಲೆಕ್ಕ ಬರೆದಿಟ್ಟುಕೊಳ್ಳಬೇಕು. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಇರುವ ಕಡೆ ಒಂದು ಓಟ ಮಾಡಿಸಿ, ಗ್ರಾಫ್ ಕೈಗೆ ತೆಗೆದುಕೊಳ್ಳಿ. ಡೈನೊ ಸಿಗದಿದ್ದರೆ ಇಸಿಯುವಿನ ಅಂಕಿಗಳನ್ನು ಓದುವ ಒಬಿಡಿ ಅಡಾಪ್ಟರ್ ಸಿಕ್ಕಿಸಿ ಮೊಬೈಲ್ ಆ್ಯಪ್‌ನಲ್ಲಿ ಬೂಸ್ಟ್, ರೈಲ್ ಒತ್ತಡ, ಕೂಲೆಂಟ್ ಮತ್ತು ಒಳಹೋಗುವ ಗಾಳಿಯ ಉಷ್ಣತೆ ದಾಖಲಿಸಿ. ಮೂರನೇ ಗೇರು, 1,500ರಿಂದ 3,000ದವರೆಗೆ, ವೇಗಮಿತಿಯೊಳಗೆ. ಎಮಿಷನ್ ಟೆಸ್ಟ್ ಸೆಂಟರ್‌ಗೆ ಹೋಗಿ ಹೊಗೆಯ ಅಳತೆಯನ್ನೂ ತೆಗೆಸಿ. ಡೀಸೆಲ್ ಹೊಗೆಯನ್ನು ಅಳೆಯುವ ಸಂಖ್ಯೆಯ ಮಿತಿ ಬಿಎಸ್ 4 ಗಾಡಿಗೆ 1.62, ಅದಕ್ಕೂ ಹಳೆಯದಕ್ಕೆ 2.45. 2014ರಲ್ಲಿ ಬಿಎಸ್ 4 ದೇಶವಿಡೀ ಜಾರಿಯಾಗಿರಲಿಲ್ಲ, ಹಾಗಾಗಿ ನಿಮ್ಮದು ಯಾವುದೆಂದು ಆರ್‌ಸಿ ನೋಡಿ ತಿಳಿಯಿರಿ. ರೀಮ್ಯಾಪ್ ಆದ ಮರುದಿನ ಅದೇ ಸೆಂಟರಿನಲ್ಲಿ ಮತ್ತೆ ಅಳೆಸಿ. ಸಂಖ್ಯೆ ತುಸು ಏರಿದರೆ ಸರಿ, ದುಪ್ಪಟ್ಟಾದರೆ ಟ್ಯೂನರ್ ಹೊಗೆ ಮಿತಿಯನ್ನು ಎತ್ತಿ ಎಸೆದಿದ್ದಾರೆ. ನೂರಿನ್ನೂರು ರೂಪಾಯಿಯ ಈ ಪರೀಕ್ಷೆಯಷ್ಟು ನಿಷ್ಪಕ್ಷಪಾತ ಸಾಕ್ಷಿ ಬೇರೆ ಸಿಗುವುದಿಲ್ಲ.

ಟ್ಯೂನರ್ ಆರಿಸುವಾಗ ಪಿಎಸ್ ಸಂಖ್ಯೆ ಕೇಳುವ ಬದಲು ಇವನ್ನು ಕೇಳಿ. ನನ್ನ ಇಸಿಯುವಿನಿಂದಲೇ ಫೈಲ್ ಓದಿ, ಅದನ್ನೇ ತಿದ್ದುತ್ತೀರಾ, ಅಥವಾ ಸಿದ್ಧ ಫೈಲ್ ಸುರಿಯುತ್ತೀರಾ? ಮೂಲ ಫೈಲ್ ಮತ್ತು ತಿದ್ದಿದ ಫೈಲ್ ಎರಡನ್ನೂ ನನ್ನ ಪೆನ್‌ಡ್ರೈವ್‌ಗೆ ಕೊಡುತ್ತೀರಾ? ಫ್ಲ್ಯಾಶ್ ಮಾಡಿದ (ಫೈಲನ್ನು ಇಸಿಯುಗೆ ಬರೆದ) ಮೇಲೆ ಲಾಗ್ (ಓಡುವಾಗಿನ ಅಂಕಿಗಳ ದಾಖಲೆ) ತೆಗೆದು, ಕೇಳಿದ ಬೂಸ್ಟ್ ಮತ್ತು ಸಿಕ್ಕಿದ ಬೂಸ್ಟ್ ಹೊಂದುತ್ತವೆಯೇ ತೋರಿಸುತ್ತೀರಾ? ಬೇಡವೆನಿಸಿದರೆ ಎಷ್ಟು ದಿನದೊಳಗೆ ಉಚಿತವಾಗಿ ಹಿಂದಕ್ಕೆ ಹಾಕಿಕೊಡುತ್ತೀರಿ? ‘ಫೈಲ್ ಕೊಡುವುದಿಲ್ಲ, ಅದು ನಮ್ಮ ಗುಟ್ಟು’ ಎಂದು ತಿದ್ದಿದ ಫೈಲ್ ಬಗ್ಗೆ ಹೇಳಿದರೆ ಒಪ್ಪಬಹುದು. ನಿಮ್ಮದೇ ಗಾಡಿಯ ಮೂಲ ಫೈಲ್ ಕೊಡಲು ಒಲ್ಲೆ ಎನ್ನುವವರ ಕೈಗೆ ಇಸಿಯು ಕೊಡಬೇಡಿ.

ಫ್ಲ್ಯಾಶ್ ಮಾಡುವಾಗ ಬ್ಯಾಟರಿಗೆ ಸ್ಥಿರವಾಗಿ 13 ವೋಲ್ಟ್ ಮೇಲೆ ಕೊಡುವ ಚಾರ್ಜರ್ ಜೋಡಿಸಿರಬೇಕು. ಎಸಿ ಫ್ಯಾನ್, ಲೈಟ್, ಮ್ಯೂಸಿಕ್ ಎಲ್ಲ ಆಫ್. ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಅರ್ಧ ಬರೆದ ಇಸಿಯು ಎದ್ದೇಳುವುದಿಲ್ಲ, ಅದನ್ನು ಬಿಚ್ಚಿ ಟೇಬಲ್ ಮೇಲಿಟ್ಟು ಬದುಕಿಸಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಒಂದು ಸಣ್ಣ ಪರೀಕ್ಷೆಯಿದೆ. ಇಗ್ನಿಷನ್ ಆಫ್ ಇರುವಾಗ ಇಜಿಆರ್ ವಾಲ್ವಿನ ವೈರ್ ಕನೆಕ್ಟರ್ ಕಿತ್ತು, ಗಾಡಿ ಸ್ಟಾರ್ಟ್ ಮಾಡಿ ಒಂದೆರಡು ಸುತ್ತು ಓಡಿಸಿ. ಚೆಕ್ ಎಂಜಿನ್ ಲೈಟ್ ಹತ್ತಬೇಕು, ಸ್ಕ್ಯಾನರ್‌ನಲ್ಲಿ ಕೋಡ್ ಕಾಣಬೇಕು. ಹತ್ತದಿದ್ದರೆ ಟ್ಯೂನರ್ ದೋಷದ ಕೋಡ್‌ಗಳನ್ನೇ ಆಫ್ ಮಾಡಿದ್ದಾರೆ. ಹಾಗೆ ಮಾಡುವವರು ಓವರ್‌ಬೂಸ್ಟಿನ ಪಿ0234, ಅಂಡರ್‌ಬೂಸ್ಟಿನ ಪಿ0299, ರೈಲ್ ಒತ್ತಡದ ಪಿ0087, ಪಿ0088 ಕೋಡ್‌ಗಳನ್ನೂ ಬಿಟ್ಟಿರುವುದಿಲ್ಲ. ಗಾಡಿ ಲಿಂಪ್ ಮೋಡ್‌ಗೆ, ಅಂದರೆ ಶಕ್ತಿ ತಗ್ಗಿಸಿಕೊಂಡು ಓಡುವ ಸ್ಥಿತಿಗೆ, ಹೋಗುವುದು ಎಂಜಿನ್ ಉಳಿಸಲು. ಆ ಬಾಗಿಲು ಮುಚ್ಚಿದರೆ ದೋಷ ಗೊತ್ತಾಗುವುದು ಎಂಜಿನ್ ಒಡೆದ ಮೇಲೆಯೇ. ಪರೀಕ್ಷೆ ಮುಗಿದ ಮೇಲೆ ಕನೆಕ್ಟರ್ ಹಾಕಿ ಕೋಡ್ ಅಳಿಸಿ.

ಇಜಿಆರ್ ಬಂದ್ ಮಾಡಿದರೆ ಇಂಟೇಕ್‌ನಲ್ಲಿ ಮಸಿ ಕಟ್ಟುವುದು ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಜಿಆರ್ ಹೇಗೂ ಮುಚ್ಚಿರುವುದರಿಂದ ಶಕ್ತಿ ಒಂದು ಪಿಎಸ್ ಕೂಡ ಹೆಚ್ಚುವುದಿಲ್ಲ. ಹೆಚ್ಚುವುದು ನೈಟ್ರೋಜನ್ ಆಕ್ಸೈಡ್. ನಮ್ಮ ಊರುಗಳ ಗಾಳಿಗೆ ಅದನ್ನು ಸೇರಿಸುವುದು ಸರಿಯಲ್ಲ, ಮಾಲಿನ್ಯ ನಿಯಮಕ್ಕೂ ವಿರುದ್ಧ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಕಲಂ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ಹೇಳುತ್ತದೆ. ‘ಸಾಫ್ಟ್‌ವೇರ್ ತಾನೇ, ಯಾರಿಗೆ ಕಾಣುತ್ತದೆ’ ಎಂಬ ಟ್ಯೂನರ್ ಮಾತು ನಿಮ್ಮನ್ನು ಕಾಪಾಡುವುದಿಲ್ಲ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ದೊಡ್ಡ ಅಪಘಾತದ ಕ್ಲೇಮಿನಲ್ಲಿ ತಕರಾರಿಗೆ ದಾರಿ ಮಾಡಿಕೊಡುತ್ತದೆ. ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಬರಹದಲ್ಲಿ ಕೇಳಿ, ಉತ್ತರ ನೋಡಿಕೊಂಡು ಮುಂದುವರಿಯಿರಿ. ಅವರು ಆಗದು ಎಂದರೆ ಹೋಸ್, ಇಂಟೇಕ್, ಇಂಜೆಕ್ಟರ್, ಫಿಲ್ಟರ್ ಕೆಲಸಕ್ಕೆ ನಿಲ್ಲಿಸುವುದೇ ಲೇಸು. ಸೋರುವ ಗಾಡಿಯಲ್ಲಿ ಅದೊಂದರಿಂದಲೇ ಕಳೆದುಹೋದ ಎಳೆತ ವಾಪಸ್ ಬರುತ್ತದೆ.

ಮೈಲೇಜ್ ಬಗ್ಗೆ: ಅರ್ಧ ಆಕ್ಸಿಲರೇಟರ್‌ನಲ್ಲಿ ಕಂಪನಿಯ ಫೈಲೇ ಸಾಕಷ್ಟು ಮಿತವ್ಯಯದ್ದು, ಅಲ್ಲಿ ಉಳಿತಾಯಕ್ಕೆ ಹೆಚ್ಚು ಜಾಗವಿಲ್ಲ. ಎಳೆತ ಹೆಚ್ಚಿದ್ದರಿಂದ ನೀವು ಬೇಗ ಮೇಲಿನ ಗೇರಿಗೆ ಹೋದರೆ ತುಸು ಉಳಿಯಬಹುದು. ಹುರುಪಿನಲ್ಲಿ ಒತ್ತಿದರೆ ಕಳೆಯುತ್ತದೆ. ಗಾಡಿಯ ಡಿಸ್‌ಪ್ಲೇ ನಂಬಬೇಡಿ. ಇಂಜೆಕ್ಷನ್ ಅವಧಿಯ ಮ್ಯಾಪ್ ತಿದ್ದಿದ್ದರೆ ಹೋದ ಡೀಸೆಲ್‌ಗಿಂತ ಕಡಿಮೆ ಹೋಗಿದೆ ಎಂದು ಇಸಿಯು ಲೆಕ್ಕ ಹಾಕುತ್ತದೆ, ಮೈಲೇಜ್ ಹೆಚ್ಚಾದಂತೆ ಕಾಣುತ್ತದೆ. ಒಂದೇ ಬಂಕ್, ಒಂದೇ ಪಂಪ್, ಆಟೋ ಕಟ್‌ವರೆಗೆ ಟ್ಯಾಂಕ್ ತುಂಬಿಸಿ, ರೀಮ್ಯಾಪ್‌ಗೆ ಮುಂಚೆ ಮೂರು ಟ್ಯಾಂಕ್, ಆಮೇಲೆ ಮೂರು ಟ್ಯಾಂಕ್ ಲೆಕ್ಕ ಬರೆಯಿರಿ.

ರೀಮ್ಯಾಪ್ ಆದ ಗಾಡಿಗೆ ಆಯಿಲ್ ಬದಲಿಸುವುದನ್ನು 10,000 ಕಿ.ಮೀ. ಬದಲು 7,500ಕ್ಕೆ ತನ್ನಿ. ಟರ್ಬೊ ಬೇರಿಂಗಿಗೂ ಟೈಮಿಂಗ್ ಚೈನಿಗೂ ಅದೇ ಆಯಿಲ್ ಆಧಾರ. ಘಾಟಿ ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸುವಾಗ ಎಂಜಿನ್ ತಕ್ಷಣ ಆಫ್ ಮಾಡದೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಮೊದಲ 500 ಕಿ.ಮೀ. ಆದ ಮೇಲೆ ಹೋಸ್ ಕ್ಲಾಂಪ್‌ಗಳನ್ನು ಮತ್ತೊಮ್ಮೆ ಬಿಗಿಸಿ, ಲಾಗ್ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಒಳಹೋಗುವ ಗಾಳಿಯ ಉಷ್ಣತೆ ಅದೇ ಏರಿನಲ್ಲಿ ಮೊದಲಿಗಿಂತ 15–20 ಡಿಗ್ರಿ ಹೆಚ್ಚಾಗಿದ್ದರೆ ಬೂಸ್ಟ್ ಗುರಿ ಈ ಟರ್ಬೊಗೆ ಜಾಸ್ತಿಯಾಗಿದೆ ಎಂದರ್ಥ. ಟ್ಯೂನರ್ ಹತ್ತಿರ ಹೋಗಿ ಇಳಿಸಿಸಿ.

ಇದನ್ನು ಓದುವ ಬಿಎಸ್ 6 ಡೀಸೆಲ್ ಮಾಲೀಕರು, ಅಂದರೆ 2020ರ ಏಪ್ರಿಲ್ ನಂತರದ ಗಾಡಿಯವರು, ಮೇಲಿನ ಲೆಕ್ಕವನ್ನು ತಮ್ಮ ಗಾಡಿಗೆ ಹೊಂದಿಸಿಕೊಳ್ಳಬೇಡಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಸ್ವಲ್ಪ ಹೆಚ್ಚಿದ ಮಸಿಯೂ ಫಿಲ್ಟರನ್ನು ಬೇಗ ತುಂಬಿಸುತ್ತದೆ, ಅದನ್ನು ಸುಡಲು ಸುರಿಯುವ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಬಿಎಸ್ 6ಕ್ಕೂ ಮುಂಚಿನ, ಡ್ರೈ ಕ್ಲಚ್‌ನ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರುವ ಫೋಕ್ಸ್‌ವ್ಯಾಗನ್, ಸ್ಕೋಡಾ ಡೀಸೆಲ್‌ಗಳಲ್ಲಂತೂ ಗೇರ್‌ಬಾಕ್ಸಿನ ಮಿತಿಯೇ 250 ಎನ್‌ಎಂ, 1.5 ಟಿಡಿಐ 110 ಪಿಎಸ್ ಎಂಜಿನ್ ಕಂಪನಿಯಿಂದ ಬರುವಾಗಲೇ ಆ 250ನ್ನು ಮುಟ್ಟಿರುತ್ತಿತ್ತು. ಅಲ್ಲಿ ಏರಿಸಲು ಜಾಗವೇ ಇಲ್ಲ.